ಬೀಗರ ಮನೆಯ ತುಟಿ ಮುಲಾಮು

ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ತಂದ ತಟ್ಟೆಗಳಲ್ಲಿ ಒಂದರ ಮೇಲೆ, ಬಾಳೆಹಣ್ಣಿನ ಚಿಪ್ಪಿಗೂ ಕಲ್ಲುಸಕ್ಕರೆ ಪೊಟ್ಟಣಕ್ಕೂ ನಡುವೆ, ಅಂಗೈಯಗಲದ ಒಂದು ಗುಲಾಬಿ ಬಣ್ಣದ ಪೆಟ್ಟಿಗೆ ಕುಳಿತಿತ್ತು. ಸೀರೆ ಮೊಮ್ಮಗಳಿಗೆ, ಪಂಚೆ ನನ್ನ ಮಗನಿಗೆ, ಹಣ್ಣು ಎಲ್ಲರಿಗೆ. ಈ ಪೆಟ್ಟಿಗೆ ಯಾರಿಗಿರಬಹುದು ಎಂದು ನಾನು ಕಣ್ಣಲ್ಲೇ ಅಳೆಯುತ್ತಿದ್ದಾಗ ಗಂಡಿನ ತಾಯಿ ಅದನ್ನು ಎತ್ತಿ ನನ್ನ ಕೈಗೇ ಇಟ್ಟರು.

"ಅಮ್ಮಾರ, ಇದು ನಿಮಗ್ರಿ. ತುಟಿಗಿ ಹಚ್ಕೋರಿ," ಎಂದರು.

ಅವರು ಹುಬ್ಬಳ್ಳಿ ಕಡೆಯವರು. ಅವರ ಯಜಮಾನರಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಈ ಕಡೆಗೆ ಬಂದು, ನಿವೃತ್ತರಾದ ಮೇಲೆ ಬಂಗಾರಪೇಟೆಯಲ್ಲಿ ಮನೆ ಕಟ್ಟಿಕೊಂಡವರು. ಮಗನೂ ಅದೇ ಕಾರ್ಖಾನೆ. ನನ್ನ ಮೊಮ್ಮಗಳಿಗೂ ಅಲ್ಲೇ ಸ್ಟೋರ್ಸ್‌ನಲ್ಲಿ ಕೆಲಸ. ಅವರಿಬ್ಬರೂ ಒಪ್ಪಿಕೊಂಡ ಮೇಲೆ ನಾವು ದೊಡ್ಡವರು ತಟ್ಟೆ ಬದಲಾಯಿಸಿಕೊಂಡೆವು, ಅಷ್ಟೇ.

ಎಲ್ಲರ ಮುಂದೆ ಹಲ್ಲು ಬಿಟ್ಟು ಪೆಟ್ಟಿಗೆಯನ್ನು ಮಡಿಲಿಗೆ ಹಾಕಿಕೊಂಡೆ. ತಲೆಯೊಳಗೆ ಮಾತ್ರ ಹುಳ ಹೊಕ್ಕಿತು. ಬೀಗರ ಮನೆಯವರು ಮುದುಕಿಗೆ ಸೀರೆ ಕೊಡಬಹುದು, ಶಾಲು ಕೊಡಬಹುದು, ಕಾಲುನೋವಿನ ಎಣ್ಣೆಯನ್ನಾದರೂ ಕೊಡಬಹುದು. ತುಟಿಗೆ ಯಾರಾದರೂ ಕೊಡುತ್ತಾರೆಯೇ?

ನನ್ನ ಅನುಮಾನ ಅರ್ಥವಾಗಬೇಕಾದರೆ ನನ್ನ ಬಾಯಿಯ ಕೀರ್ತಿಯನ್ನು ಸ್ವಲ್ಪ ಹೇಳಲೇಬೇಕು. ನಮ್ಮ ಕ್ಯಾಸಂಬಳ್ಳಿ ಕಡೆ ಮುಹೂರ್ತದ ಹಿಂದಿನ ಸಂಜೆ ಗಂಡಿನವರು ಬಂದು ಊಟಕ್ಕೆ ಕುಳಿತಾಗ, ಹೆಣ್ಣಿನ ಕಡೆಯ ಹೆಂಗಸರು ಗೋಡೆಗೆ ಒರಗಿ ನಿಂತು ಅವರನ್ನು ಆಡಿಕೊಂಡು ಹಾಡುತ್ತೇವೆ. ಬೀಗರ ಹಾಡು ಎನ್ನುತ್ತೇವೆ. ಬೀಗನ ಹೊಟ್ಟೆ, ಬೀಗಿತ್ತಿಯ ಮೂಗು, ಅವರು ತಂದ ಸೀರೆಯ ಬಣ್ಣ, ಒಂದನ್ನೂ ಬಿಡುವಂತಿಲ್ಲ. ಬಾಯಲ್ಲಿ ಅನ್ನ ಇಟ್ಟುಕೊಂಡವರು ಮರುಮಾತು ಆಡಲಾರರು, ನಾವು ಸುಮ್ಮನಿರಲಾರೆವು. ನಮ್ಮ ಬಳಗದಲ್ಲಿ ಮದುವೆ ಗೊತ್ತಾದರೆ ಮೊದಲು ಚೌಟ್ರಿ ನೋಡುತ್ತಾರೆ, ಆಮೇಲೆ ಅಡಿಗೆಯವರನ್ನು, ಆಮೇಲೆ ನನ್ನನ್ನು.

ಇದು ಬರೀ ಕುಚೋದ್ಯ ಅಂದುಕೊಳ್ಳಬೇಡಿ. ಹಾಡಿಗೆ ನಗುವ ಮನೆಗೆ ಹೆಣ್ಣು ಕೊಟ್ಟರೆ ನಿದ್ದೆ ಬರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಮ್ಮ ಅಕ್ಕನ ಮದುವೆಯ ಹಿಂದಿನ ಸಂಜೆ ಹೆಂಗಸರು ಗಂಟಲು ಕಿತ್ತುಹೋಗುವಂತೆ ಹಾಡಿದರು. ಗಂಡಿನವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಸಾರು ಬಡಿಸಿಕೊಂಡು, ಉಂಡು, ಎದ್ದರು. ನಮ್ಮವ್ವನ ಮುಖ ಆಗಲೇ ಕಪ್ಪಿಟ್ಟಿತು, ಆದರೆ ಅಪ್ಪನ ಮುಂದೆ ಬಾಯಿ ಬಿಡುವ ಹಾಗಿರಲಿಲ್ಲ. ಆಮೇಲೆ ಅಕ್ಕ ತವರಿಗೆ ಬಂದಾಗಲೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಮಾತಾಡುತ್ತಿದ್ದಳು. ನಮ್ಮ ಮನೆಯಲ್ಲಿ, ನಮ್ಮ ಮುಂದೆಯೇ. ಯಾಕೆಂದು ಕೇಳಿದರೆ ಅಭ್ಯಾಸ ಎನ್ನುತ್ತಿದ್ದಳು. ಅದನ್ನು ನೋಡಿದ ಮೇಲೆಯೇ ನಾನು ಹಾಡು ಕಲಿತದ್ದು.

ಈಗ ತುಟಿಯ ವಿಷಯ. ಚಳಿಗಾಲ ಬಂತೆಂದರೆ ನಮ್ಮಲ್ಲಿ ಹಳೆಯ ಚಿನ್ನದ ಗಣಿಯವರು ಸುರಿದುಹೋದ ಸೈನೈಡ್ ದಿಬ್ಬದ ಮಣ್ಣು ಗಾಳಿಗೆ ಏಳುತ್ತದೆ. ಒಣಹಾಕಿದ ಬಟ್ಟೆಯನ್ನು ಕೊಡವಿದರೂ ಅದೇ, ಬಾಗಿಲ ಸಂದಿಯಲ್ಲೂ ಅದೇ. ಅದಕ್ಕೆ ನನ್ನ ಎಲೆ ಅಡಿಕೆಯ ಸುಣ್ಣವೂ ಸೇರಿ, ತುಟಿ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಬೆಣ್ಣೆ ಸವರಿದೆ, ಹರಳೆಣ್ಣೆ ಸವರಿದೆ, ಯಾರೋ ಹೇಳಿದರೆಂದು ಹೊಕ್ಕುಳಿಗೂ ಎಣ್ಣೆ ಬಿಟ್ಟುಕೊಂಡೆ. ಸೀರೆ ಜಿಡ್ಡಾಯಿತೇ ಹೊರತು ತುಟಿ ಕೂಡಲಿಲ್ಲ. ಹೆಣ್ಣು ನೋಡಲು ಬಂದ ದಿನ ಏನೋ ಮಾತಿಗೆ ಜೋರಾಗಿ ನಕ್ಕೆ ನೋಡಿ, ಕೆಳತುಟಿ ನಡುವೆ ಸೀಳಿ ಕಾಫಿ ಲೋಟದ ಅಂಚಿಗೆ ರಕ್ತ ಅಂಟಿತು. ಗಂಡಿನ ತಾಯಿ ಅದನ್ನೇ ಎವೆಯಿಕ್ಕದೆ ನೋಡುತ್ತಿದ್ದರು. ಆ ನೋಟ ನನಗೆ ಆಗಲೇ ಸರಿಬಂದಿರಲಿಲ್ಲ.

ಬೀಗರು ಮನೆಗೆ ಹೊರಟ ಮೇಲೆ ಮೊಮ್ಮಗಳನ್ನು ಕೋಣೆಗೆ ಕರೆದು ಪೆಟ್ಟಿಗೆ ಕೊಟ್ಟೆ. ಒಳಗೆ ದಪ್ಪ ಗಾಜಿನ ಪುಟ್ಟ ಡಬ್ಬಿ, ಅದರ ಪಕ್ಕ ಇರುವೆಗೆ ಅನ್ನ ಬಡಿಸುವಂಥ ಒಂದು ಚಮಚ, ಮಡಿಸಿದ ಒಂದು ಚೀಟಿ.

"ಅಜ್ಜೀ, ಇದು ಅಂಗಡೀಲಿ ಸಿಗೋ ತುಟಿಗೆ ತಿಕ್ಕೋ ಕಡ್ಡಿ ಅಲ್ಲ ಕಣೆ. ಲಕ್ಷುರಿ ಟ್ರೀಟ್‌ಮೆಂಟು. ಇದರ ರೇಟು ಕೇಳಿದ್ರೆ ನಿನ್ನ ತುಟಿ ಇನ್ನೂ ಒಣಗ್ತದೆ."

"ರೇಟು ಇರ್ಲಿ. ಚೀಟೀಲಿ ಏನ್ ಬರ್ದವ್ರೆ ಓದು."

ಅವಳು ಓದಿದಳು. "ತೆಳ್ಳಗಲ್ಲ, ದಪ್ಪಕ್ಕೆ ಹಚ್ಬೇಕಂತೆ. ಹಚ್ಚಿದ್ಮೇಲೆ ತಿನ್ಬಾರ್ದು, ಕುಡೀಬಾರ್ದು, ತುಟಿ ನೆಕ್ಕಬಾರ್ದು. ಆದಷ್ಟು ಬಾಯಿ ಆಡಿಸ್ದೆ ಇರ್ಬೇಕಂತೆ."

"ಏನಂದೆ?"

"ಬಾಯಿ ಆಡಿಸ್ಬಾರ್ದು ಅಂತ."

"ಅಂಗಂತ ಬರ್ದೇ ಕೊಟ್ಬಿಟ್ಟವ್ರಾ?"

"ಇಂಗ್ಲೀಷಲ್ಲಿ ಬರ್ದವ್ರೆ ಅಜ್ಜಿ."

"ಅದೇ ಮತ್ತೆ. ಇಂಗ್ಲೀಷಲ್ಲಿ ಬರ್ದ್ರೆ ಮುದ್ಕಿಗೆ ತಿಳಿಯಾಕಿಲ್ಲ ಅಂದ್ಕೊಂಡವ್ರೆ."

"ಅಯ್ಯೋ, ಕಂಪನಿಯವರು ಬರ್ದಿರೋದು. ನಮ್ಮತ್ತೆ ಬರ್ದಿರೋದಲ್ಲ."

"ಅಬ್ಬೋ! ಈಗ್ಲೇ ನಮ್ಮತ್ತೆ ಆಗ್ಬಿಟ್ಳಾ?"

ಅವಳು ನಕ್ಕಳು. ನನ್ನ ಮೊಮ್ಮಗಳ ನಗು ಸಣ್ಣದಲ್ಲ. ಹಿತ್ತಿಲಲ್ಲಿ ಅವಳು ನಕ್ಕರೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ. ಆ ನಗುವನ್ನು ಎಂಥ ಮನೆಗೆ ಕಳಿಸುತ್ತಿದ್ದೇನೆ ಎಂಬ ಚಿಂತೆ ನನಗೆ ಹತ್ತಿದ್ದು ಆಗಲೇ. ಹಾಡುವ ಮುದುಕಿಯ ಬಾಯಿಯನ್ನು ಇಷ್ಟು ನಯವಾಗಿ, ಡಬ್ಬಿಯಲ್ಲಿಟ್ಟು, ಚಮಚ ಕೊಟ್ಟು ಮುಚ್ಚಿಸುವವರು, ಮನೆಗೆ ಬಂದ ಸೊಸೆಯ ಬಾಯಿಯನ್ನು ಬಿಟ್ಟಾರೆಯೇ?

ಮೊದಲು ಇರುವೆಗೆ ತೋರಿಸಿದೆ. ಜೇನು ಅಂತ ಮಾರಲು ಬಂದವರ ಮುಂದೆ ನಮ್ಮವ್ವ ಮಾಡುತ್ತಿದ್ದ ಪರೀಕ್ಷೆ ಅದು. ಒಂದು ವೀಳ್ಯದೆಲೆಯ ಮೇಲೆ ಒಂದು ಕಡೆ ಬೆಲ್ಲದ ಚೂರು, ಇನ್ನೊಂದು ಕಡೆ ಕಡಲೆಕಾಳಿನಷ್ಟು ಮುಲಾಮು. ಇರುವೆಗಳು ಬೆಲ್ಲಕ್ಕೆ ಮುತ್ತಿದವು. ಒಂದೇ ಒಂದು ಇರುವೆ ಮುಲಾಮಿನ ತನಕ ಬಂದು, ಮೀಸೆ ಆಡಿಸಿ, ತಿರುಗಿ ಹೋಯಿತು. ಹಣ್ಣಿನ ವಾಸನೆ ಬರುತ್ತದೆ, ಇರುವೆ ಮುಟ್ಟುವುದಿಲ್ಲ. ಇಂಥದ್ದನ್ನು ಏನನ್ನಬೇಕು?

ಇರುವೆಯ ಸಾಕ್ಷಿ ಸಾಲದೆಂದು ನನ್ನ ಗಂಡನ ಮೇಲೆ ಪ್ರಯೋಗಿಸಿ ನೋಡಿದೆ. ಅವನು ನನ್ನ ಸೋದರಮಾವ. ಮದುವೆಗೆ ಮುಂಚೆಯಿಂದ ಮಾವ ಅಂದದ್ದು, ಇಂದಿಗೂ ಮಾವನೇ. ಮಧ್ಯಾಹ್ನ ಮುದ್ದೆ ಉಂಡು ಜಗಲಿಯಲ್ಲಿ ಬಾಯಿ ತೆರೆದು ಮಲಗಿದ್ದ. ಆ ಪುಟ್ಟ ಚಮಚದಲ್ಲಿ ತೆಗೆದು ಮೇಲೊಂದಿಷ್ಟು ಕೆಳಗೊಂದಿಷ್ಟು ಸವರಿ, ಕಂಬದ ಹಿಂದೆ ನಿಂತೆ. ಸ್ವಲ್ಪ ಹೊತ್ತಿಗೆ ನಾಲಿಗೆ ಹೊರಗೆ ಬಂತು, ತುಟಿ ಸುತ್ತಿತು, ಒಳಗೆ ಹೋಯಿತು. ಕಣ್ಣು ಬಿಟ್ಟ.

"ಲೇ, ಹಲ್ವ ತಂದಿದ್ದೀಯೇನೇ?"

"ಇಲ್ಲ ಮಾವ. ಉರಿ ಐತಾ? ಬಾಯಿ ಕಟ್ದಂಗೆ ಆಯ್ತದಾ? ಮಾತು ಬತ್ತದಾ?"

"ಯಾಕೇ, ನಂಗೇನಾಗದೆ?" ಎಂದು ಹೆದರಿ ಎದ್ದು ಕುಳಿತ. ಮಾತು ಬಂತಲ್ಲ, ಸದ್ಯ. ವಿಷಯ ತಿಳಿಸಿದಾಗ ಅರ್ಧ ಗಂಟೆ ಬೈದ. ನಾಲಿಗೆಗೂ ತುಟಿಗೂ ಏನೂ ಆಗಿಲ್ಲವೆಂದು ನನಗೆ ಇನ್ನಷ್ಟು ಖಾತ್ರಿಯಾಯಿತು.

ಅಂದು ಊಟವಾದ ಮೇಲೆ ನಾನೇ ಹಚ್ಚಿಕೊಂಡೆ. ಮೊದಲು ತಣ್ಣಗೆ, ಆಮೇಲೆ ದಪ್ಪಗೆ. ತುಟಿಗಳು ನನ್ನವಲ್ಲ, ಯಾರೋ ತಂದು ಅಂಟಿಸಿದ ಹಾಗೆ ಅನ್ನಿಸಿತು. ನಮ್ಮ ಮಾವಿನದಲ್ಲ, ಸೀಬೆಯದಲ್ಲ, ನಾನು ಕಾಣದ ಯಾವುದೋ ಊರಿನ ಹಣ್ಣಿನ ವಾಸನೆ. ಎಲೆ ಹಾಕುವಂತಿಲ್ಲ, ನೀರು ಕುಡಿಯುವಂತಿಲ್ಲ. ಧಾರಾವಾಹಿಯಲ್ಲಿ ಆ ಕೆಟ್ಟ ಓರಗಿತ್ತಿ ಬಂದರೂ ಬಯ್ಯುವಂತಿಲ್ಲ. ಸುಮ್ಮನೆ ಕುಳಿತಿದ್ದೆ. ನನ್ನ ಗಂಡ ಒಂದು ಸಲ ಟಿವಿ ನೋಡಿದ, ಒಂದು ಸಲ ನನ್ನನ್ನು ನೋಡಿದ.

"ಈ ಡಬ್ಬಿ ಮುಗುದ್ರೆ ಇನ್ನೊಂದು ತರ್ಸು. ದುಡ್ಡು ನಾನ್ ಕೊಡ್ತೀನಿ," ಎಂದ.

ಕಂಡಿರಾ? ಕೊಟ್ಟವರಿಗೆ ಬೇಕಾಗಿದ್ದೂ ಇದೇ ಅಲ್ಲವೇ ಎಂದು ನನ್ನ ಹುಳ ಮತ್ತೆ ಕೊರೆಯಿತು.

ಆದರೆ ಸುಳ್ಳು ಹೇಳಲಾರೆ, ಒಂದು ವಾರ ಕಳೆಯುವುದರೊಳಗೆ ಬಿರುಕು ಕೂಡಿತು. ಒಣ ಚರ್ಮ ಉದುರಿ ಒಳಗಿನಿಂದ ತುಟಿ ನಯವಾಗಿ ಬಂತು. ಕನ್ನಡಿ ಹತ್ತಿರ ಹೋಗಿ ನೋಡಿಕೊಂಡೆ. ಚೆನ್ನಾಗಿಯೇ ಇತ್ತು, ಅದೇ ಕಷ್ಟ. ಮುಲಾಮು ಹಚ್ಚಿದ ಹೊತ್ತೆಲ್ಲ ಎಲೆ ಅಡಿಕೆ ನಿಂತುಹೋಗಿತ್ತು, ಸುಣ್ಣ ತುಟಿಗೆ ಸೋಕಿರಲಿಲ್ಲ. ಹಾಗಾದರೆ ವಾಸಿ ಮಾಡಿದ್ದು ಡಬ್ಬಿಯೋ, ಡಬ್ಬಿಯ ನೆಪದಲ್ಲಿ ಬಿಟ್ಟ ಸುಣ್ಣವೋ? ಮೊಮ್ಮಗಳನ್ನು ಕೇಳಿದರೆ ಡಬ್ಬಿ ಅಂತಾಳೆ. ಡಬ್ಬಿ ಕೊಟ್ಟವರ ಮನೆಗೆ ಹೋಗುವವಳು ಇನ್ನೇನು ಅಂದಾಳು. ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ಅನುಮಾನವನ್ನು ಮಡಿಲಲ್ಲಿ ಕಟ್ಟಿಕೊಂಡು ಮದುವೆಗೆ ಹೋಗಬಾರದು. ಬೀಗರ ಮನೆಗೇ ಹೋಗಿ ನೋಡಿಬರುವುದು ಎಂದು ನಿರ್ಧರಿಸಿದೆ. ಆಗತಾನೇ ಮೊಮ್ಮಗಳು ನನಗೆ ಫೋನಿನಲ್ಲಿ ಟೈಪ್ ಮಾಡುವುದು ಕಲಿಸಿದ್ದಳು. ಈಗ ಇದನ್ನೂ ಹಾಗೇ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದೇನೆ. ಬೀಗಿತ್ತಿಗೆ "ಅವರೆಕಾಯಿ ತರುತ್ತೇನೆ" ಎಂದು ಬರೆದು ಕಳಿಸಿದೆ. ಅಷ್ಟು ಬರೆಯುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಅವರಿಂದ ಮಾತು ಬರಲಿಲ್ಲ, ಜೋಡಿಸಿದ ಎರಡು ಕೈಯ ಚಿತ್ರ ಬಂತು. ಕೈ ಮುಗಿದರೆ ನಮಸ್ಕಾರವೂ ಆಗಬಹುದು, ದಮ್ಮಯ್ಯ ಬರಬೇಡಿ ಎಂದೂ ಆಗಬಹುದು. ನಾನು ನಮಸ್ಕಾರ ಎಂದೇ ಇಟ್ಟುಕೊಂಡು ಹೊರಟೆ.

ಮಾರಿಕುಪ್ಪಂನಲ್ಲಿ ರೈಲು ಹತ್ತಿದರೆ ಬಂಗಾರಪೇಟೆ ಎಷ್ಟು ದೂರ. ಚೀಲದ ಅವರೆಯ ಸೊಗಡು ಇಡೀ ಬೋಗಿಗೆ ಹರಡಿ, ಎದುರಿಗೆ ಕುಳಿತ ಹೂವಿನವಳು ತಮಿಳಿನಲ್ಲಿ ಒಂದು ಹಿಡಿ ಕೇಳಿಯೇ ಬಿಟ್ಟಳು. ಕೊಟ್ಟೆ. ಅವಳು ನನ್ನ ತುಟಿ ನೋಡಿ, "ಏನ್ ಪಾಟಿ, ಅಜ್ಜಿಗೂ ಲಿಪ್‌ಸ್ಟಿಕ್ಕಾ?" ಎಂದು ಕಣ್ಣು ಮಿಟುಕಿಸಿದಳು. ಬೀಗರ ಮನೆಗೆ ಹೋಗುತ್ತಿರುವ ಮುದುಕಿಗೆ ಇದು ಶಕುನವೋ ಅಪಶಕುನವೋ ತಿಳಿಯಲಿಲ್ಲ.

ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು.

"ಬರ್ರಿ ಅಮ್ಮಾರ, ಬರ್ರಿ. ಒಬ್ರ ಬಂದ್ರೇನು? ಅಯ್ಯ, ತುಟಿ ಛಲೋ ಆಗ್ಯಾವಲ್ರಿ!"

"ಆಗವೆ. ಯಾತಕ್ಕೆ ಆಗವೆ ಅಂತ ಕೇಳಾನಾ ಅಂತ್ಲೇ ಬಂದೆ."

"ಅಂದ್ರ?"

ಸುತ್ತಿ ಬಳಸುವುದು ನನಗೆ ಬಾರದು. ಚೀಲ ಕೆಳಗಿಟ್ಟು ಕೇಳಿದೆ. "ಬ್ಯಾಸ್ರ ಮಾಡ್ಕಬ್ಯಾಡಿ. ನನ್ ಬಾಯಿ ಮುಚ್ಸಾಕೆ ಅಂತ್ಲಾ ಅದ್ನ ಕೊಟ್ಟಿದ್ದು?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಗತೊಡಗಿದರು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂತು, ಆದರೆ ಸದ್ದಿಲ್ಲ. ಸೆರಗನ್ನು ಬಾಯಿಗೆ ಒತ್ತಿಹಿಡಿದಿದ್ದರು. ಅದನ್ನು ನೋಡಿ ನನಗೆ ನಮ್ಮಕ್ಕ ನೆನಪಾದಳು.

"ಶಿವನ! ಮುಚ್ಚಸಾಕಲ್ರಿ ಅಮ್ಮಾರ, ನೀವು ಹಾಡಲಿ ಅಂತ ಕೊಟ್ಟೀನ್ರಿ," ಎಂದು ತಗ್ಗಿದ ದನಿಯಲ್ಲಿ ಹೇಳಿದರು. "ನಮ್ಮ ಅಜ್ಜಿ ಬೀಗರನ್ನ ಬೈದು ಹಾಡ್ತಾಳ ಅಂತ ಹುಡುಗಿ ಹೇಳಿದ್ಲು. ಆ ದಿನ ನಿಮ್ಮ ತುಟಿ ಒಡದು ರಗತ ಬಂತಲ್ರಿ, ನನ್ನ ಎದಿ ಧಸಕ್ ಅಂತು. ಇವ್ರು ಇನ್ನ ಹೆಂಗ್ ಹಾಡ್ತಾರ ಅಂತ. ಮಗನ ಕಡಿಂದ ಫೋನ್ಯಾಗ ಹುಡಕ್ಸಿ, ಎಲ್ಲಾಕಿಂತ ಛಲೋದು ತರಸ್ದೆ."

"ಬೈಸ್ಕಳಾಕೆ ಈಟು ಆಸೇನಾ ನಿಮ್ಗೆ?"

"ನನ್ನ ಮದುವ್ಯಾಗ ಯಾರೂ ಹಾಡ್ಲಿಲ್ರಿ. ಇವ್ರಿಗೆ ರಜಾ ಇರ್ಲಿಲ್ಲ. ಮುಂಜಾನಿ ಗುಡ್ಯಾಗ ತಾಳಿ ಕಟ್ಟಿದ್ರು, ಸಂಜಿ ರೈಲಿಗೆ ಇಲ್ಲಿಗೆ ಹೊಂಟ್ವಿ. ನಮ್ಮವ್ವ ಕಲ್ತ ಹಾಡೆಲ್ಲಾ ಅಕಿ ಬಾಯಾಗ ಉಳದ್ವು. ಈ ಊರಿಗೆ ಬಂದ ಮ್ಯಾಲೆ ನನ್ನ ಮೂಗು ಹಿಂಗೈತಿ, ನನ್ನ ನಡಿಗಿ ಹಂಗೈತಿ ಅಂತ ಚಾಷ್ಟಿ ಮಾಡಿದವ್ರು ಯಾರದಾರ್ರಿ? ಮೂಗಿನ ಮ್ಯಾಲೆ ಹಾಡ್ರಿ. ರೊಟ್ಟಿ ಮ್ಯಾಲೆ ಹಾಡ್ರಿ. ಎಷ್ಟು ಬೇಕಷ್ಟು..."

ಒಳಗಿನ ಕೋಣೆಯಿಂದ ಒಂದು ಕೆಮ್ಮು ಕೇಳಿಸಿತು. ಬೀಗಿತ್ತಿಯ ಮಾತು ಅಲ್ಲೇ ನಿಂತಿತು. ಸೆರಗು ತಲೆಯ ಮೇಲೆ ಬಂತು. ಯಾವ ಕಾಯಿಲೆಯ ಕೆಮ್ಮೂ ಅದಲ್ಲ, ಗಂಟಲಲ್ಲಿ ಕಟ್ಟಿದ ಕಫವೂ ಇರಲಿಲ್ಲ. ಅದು ಅಪ್ಪಣೆಯ ಕೆಮ್ಮು. ಅಂಥದ್ದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕೇಳಿದ್ದೇನೆ.

ಬೀಗರು ಹೊರಗೆ ಬಂದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಪೇಪರು. ನಮಸ್ಕಾರ ಮಾಡಿದರು, ಮರ್ಯಾದೆಗೇನೂ ಕಡಿಮೆಯಿಲ್ಲ. ಕುರ್ಚಿಯಲ್ಲಿ ಕುಳಿತು ಇನ್ನೊಮ್ಮೆ ಕೆಮ್ಮಿದರು. ಬೀಗಿತ್ತಿ ಎದ್ದು ಒಳಗೆ ಹೋಗಿ ಚಹಾ ತಂದರು. ಮತ್ತೊಂದು ಬಗೆಯ ಕೆಮ್ಮಿಗೆ ನೀರು ಬಂತು. ಇಬ್ಬರ ನಡುವೆ ಒಂದೇ ಒಂದು ಮಾತಿಲ್ಲ.

"ತುಟಿ ಆರಾಮ ಆದ್ವೇನ್ರಿ?" ಎಂದು ಕೇಳಿದರು.

"ಆದ್ವು."

"ಛಲೋ ಆತು. ಒಂದು ಮಾತು ಅಮ್ಮಾರ. ಊಟದ ಹೊತ್ತಿನ್ಯಾಗ ಹಾಡು ಗೀಡು ಅಂತ ಗದ್ದಲ ಬ್ಯಾಡ್ರಿ. ನಮ್ಮ ಮಂದಿಗಿ ರೂಢಿ ಇಲ್ಲ. ನನಗೂ ಸರಿ ಬರಂಗಿಲ್ಲ."

ನಾನು ಬೀಗಿತ್ತಿಯ ಮುಖ ನೋಡಿದೆ. ಅವರು ಅವರೆಕಾಯಿಯ ಚೀಲ ನೋಡುತ್ತಿದ್ದರು.

ರೈಲಿನಲ್ಲಿ ವಾಪಸು ಬರುವಾಗ ನನ್ನ ಅನುಮಾನಕ್ಕೆ ನಾನೇ ಶಹಭಾಸ್ ಹೇಳಿದೆ. ಬಾಯಿ ಮುಚ್ಚಿಸುವವರು ಆ ಮನೆಯಲ್ಲಿ ಇದ್ದದ್ದು ನಿಜ. ನಾನು ಹಿಡಿದ ಮನುಷ್ಯರು ಮಾತ್ರ ತಪ್ಪು.

ಮೊಮ್ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವುದರೊಳಗೆ ಎಲ್ಲ ಹೇಳಿದೆ. ಅವಳು ನಗುತ್ತಾಳೆ, ಇಲ್ಲವೇ ನನ್ನ ಮೇಲೆ ರೇಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

"ನಮ್ಮ ಮಾವನೋರು ಹಂಗೇ ಅಜ್ಜಿ. ಮನಸ್ಸಲ್ಲಿ ಏನೂ ಇಲ್ಲ. ನೀನು ಹಾಡ್ಬೇಡ ಬಿಡು. ಹಾಡ್ದೆ ಇದ್ರೆ ಏನಾಗ್ತದೆ?" ಎಂದಳು. ಮೆಲ್ಲಗೆ ಹೇಳಿದಳು. ಆ ಮನೆಯ ಹೊಸಿಲನ್ನು ಇನ್ನೂ ತುಳಿದಿಲ್ಲ, ಆಗಲೇ ದನಿ ಇಳಿದಿತ್ತು.

ನನ್ನ ಗಂಡ ಪಕ್ಕದಲ್ಲೇ ಅವರೆ ಹಿಚುಕುತ್ತಿದ್ದವನು ಹೇಳಿದ. "ಲೇ, ನಿನ್ ಬಾಯಿಂದ ಮದ್ವೆ ಮುರೀತು ಅಂತ ಆಗ್ಬಾರ್ದು ಕಣೇ."

"ಮುರ್ಯಂಗಿದ್ರೆ ತಾಳಿಗೆ ಮುಂಚೇನೇ ಮುರೀಲಿ ಮಾವ. ಆಮ್ಯಾಕೆ ಗೊತ್ತಾದ್ರೆ ನಮ್ಮಕ್ಕನಂಗೆ ಆಯ್ತದೆ," ಎಂದೆ. ಅವನಿಗೆ ಅಕ್ಕನ ಕತೆ ಗೊತ್ತು. ಅವರೆ ಹಿಚುಕುವುದು ನಿಲ್ಲಿಸಿ, ಸ್ವಲ್ಪ ಹೊತ್ತು ಕಾಳುಗಳನ್ನೇ ನೋಡಿ, ಮತ್ತೆ ಶುರುಮಾಡಿದ.

ನಾನು ಹಾಡುತ್ತೇನೋ ಇಲ್ಲವೋ ಎಂದು ಮೊಮ್ಮಗಳು ಮದುವೆಯ ತನಕ ನನ್ನ ಮುಖ ಓದುತ್ತಲೇ ಇದ್ದಳು. ನಾನು ದಿನಾ ಮುಲಾಮು ಹಚ್ಚಿಕೊಂಡು ಕುಳಿತುಬಿಡುತ್ತಿದ್ದೆ. ಬಾಯಿ ಆಡಿಸಬಾರದಲ್ಲ. ಆ ಡಬ್ಬಿಯಿಂದ ನನಗೆ ಆದ ನಿಜವಾದ ಉಪಕಾರ ಅದೇ. ಯಾರು ಏನು ಕೇಳಿದರೂ ತುಟಿಯ ಕಡೆ ಬೆರಳು ತೋರಿಸಿದರೆ ಸಾಕು.

ಬಂಗಾರಪೇಟೆಯ ಚೌಟ್ರಿಯಲ್ಲಿ ಮುಹೂರ್ತದ ಹಿಂದಿನ ಸಂಜೆ. ಫೋಟೋ ತೆಗೆಸಿಕೊಳ್ಳುವುದು ಮುಗಿದು, ಗಂಡಿನ ಕಡೆಯವರು ಉದ್ದಕ್ಕೆ ಎಲೆಯ ಮುಂದೆ ಕುಳಿತರು. ನಡುವೆ ಬೀಗರು, ಅವರ ಪಕ್ಕ ಬೀಗಿತ್ತಿ. ಎದುರು ಸಾಲಿನಲ್ಲಿ ಮದುವೆಯ ಗಂಡು, ಅವನ ಪಕ್ಕ ನನ್ನ ಮೊಮ್ಮಗಳು. ನನ್ನ ಮಗ ಬಡಿಸುವವರ ಹಿಂದೆ ಓಡಾಡುತ್ತಾ ನನ್ನ ಕಡೆಗೆ ಒಂದು ಕಣ್ಣು ಇಟ್ಟಿದ್ದ. ನಮ್ಮ ಹೆಂಗಸರಿಗೆ ಮೊದಲೇ ಹೇಳಿಟ್ಟಿದ್ದನಂತೆ, ಯಾರೂ ಸೊಲ್ಲೆತ್ತಕೂಡದು ಎಂದು. ಅವರೆಲ್ಲ ಗೋಡೆಗೆ ಒರಗಿ, ಮದುವೆ ಮನೆಯವರಂತಲ್ಲ, ಆಸ್ಪತ್ರೆಗೆ ಬಂದವರಂತೆ ನಿಂತಿದ್ದರು.

ನಾನು ಸೆರಗಿನಲ್ಲಿ ತುಟಿ ಒರೆಸಿಕೊಂಡೆ. ಮುಲಾಮಿನ ಜಿಡ್ಡಿಗೆ ಮಾತು ಜಾರೀತೆಂದು ಭಯ. ಆಮೇಲೆ ಎತ್ತಿಕೊಂಡೆ.

ರೊಟ್ಟಿಯೂರ ಬೀಗಿತ್ತಿ ಬಂದಾಳೆ
ತಟ್ಟಿ ತಟ್ಟಿ ಕೈ ಸೋತು ನಿಂದಾಳೆ
ಮುದ್ದೇಯ ಕಂಡು ಕಣ್ಣು ಬಿಟ್ಟಾಳೆ
ಅಗಿಯಾದೋ ನುಂಗಾದೋ ಅಂದಾಳೆ

ಮೊದಲ ಸಾಲು ಒಂಟಿಯಾಗಿ ಹೋಯಿತು. ಎರಡನೆಯದಕ್ಕೆ ನಮ್ಮವರಲ್ಲಿ ಒಬ್ಬಿಬ್ಬರು ಸೇರಿದರು. ಮಗ ಕೈ ಸನ್ನೆ ಮಾಡುವುದರೊಳಗೆ ಗೋಡೆಯ ಉದ್ದಕ್ಕೂ ಹಾಡು ಹತ್ತಿಕೊಂಡಿತ್ತು. ಬೀಗಿತ್ತಿ ಸೆರಗು ಬಾಯಿಗೆ ಒತ್ತಿ ಎಲೆಯ ಮೇಲೆ ಬಾಗಿಬಿಟ್ಟರು. ಮೂಗಿನ ಪದ ಹಾಡಿದೆ, ನಡಿಗೆಯ ಪದ ಹಾಡಿದೆ. ಅವರ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕೆಂದರು.

ಬೀಗರು ಕೆಮ್ಮಿದರು.

ಅವರ ಕಡೆಯ ನಗು ನಿಂತಿತು. ನಮ್ಮ ಹೆಂಗಸರ ಹಾಡೂ ಎಡವಿತು. ನಾನು ಮೊಮ್ಮಗಳನ್ನು ನೋಡಿದೆ. ಅವಳು ತಲೆ ತಗ್ಗಿಸಿ ಎಲೆಯ ಮೇಲಿನ ಕೋಸಂಬರಿಯನ್ನು ಬೆರಳಲ್ಲಿ ಅತ್ತಿತ್ತ ಮಾಡುತ್ತಿದ್ದಳು. ಬೇಡ ಎಂಬುದೇ ಅದರ ಅರ್ಥ. ಆದರೆ ಆ ತಗ್ಗಿದ ತಲೆಯನ್ನು ನೋಡಿಯೇ ನನಗೆ ಹಾಡದೆ ಇರಲಾಗಲಿಲ್ಲ. ಒಬ್ಬಳೇ ಹಾಡಿದೆ.

ಒಂದು ಕೆಮ್ಮಿಗೆ ಚಾ ಬಂತು
ಎರಡು ಕೆಮ್ಮಿಗೆ ನೀರು ಬಂತು
ಮೂರನೆ ಕೆಮ್ಮಿಗೆ ಮನೆಯೆಲ್ಲ ಗಪ್ಪು
ಯಾವ ಕೆಮ್ಮಿಗೆ ನಗು ಬತ್ತದೆ, ಬಲ್ಲಿರಾ ಬೀಗರೇ

ಬೀಗರು ಎಲೆಯಿಂದ ಕೈ ತೆಗೆದರು. ಎಡಗೈ ನೆಲಕ್ಕೆ ಊರಿ ಅರ್ಧ ಎದ್ದರು. ಬೀಗ ಎಲೆ ಬಿಟ್ಟು ಎದ್ದರೆ ಬೆಳಗಿನ ಮುಹೂರ್ತಕ್ಕೆ ಅರ್ಥವಿರುವುದಿಲ್ಲ, ಅದು ಎಲ್ಲ ಕಡೆಯವರಿಗೂ ಗೊತ್ತಿರುವ ಮಾತು. ನನ್ನ ಮಗನ ಕೈಯಲ್ಲಿದ್ದ ತುಪ್ಪದ ಗಿಂಡಿ ವಾಲಿ ತುಪ್ಪ ನೆಲಕ್ಕೆ ಸುರಿಯುತ್ತಿತ್ತು, ಅವನಿಗೆ ತಿಳಿಯಲೇ ಇಲ್ಲ. ಮುದುಕೀ, ಹಾಳುಮಾಡಿದೆ ಎಂದುಕೊಂಡೆ.

ಆಗ ಬೀಗಿತ್ತಿ ಬಾಯಿಂದ ಸೆರಗು ತೆಗೆದರು.

"ಕುಂದರ್ರಿ," ಎಂದರು. ಜೋರಾಗಿಯೇನೂ ಅಲ್ಲ. ಆದರೆ ಎಲ್ಲರಿಗೂ ಕೇಳುವಂತೆ. "ಹೋಳಿಗಿ ಇನ್ನಾ ಬಂದಿಲ್ಲ. ಹಾಡೂ ಮುಗಿದಿಲ್ಲ. ನಾ ಎಷ್ಟು ವರ್ಷದಿಂದ ಕಾದೀನಿ ಇದಕ್ಕ, ನಿಮಗ ಗೊತ್ತಿಲ್ಲ. ಕುಂದರ್ರಿ."

ಬೀಗರು ಹೆಂಡತಿಯನ್ನು ನೋಡಿದರು. ಆ ಹೆಂಗಸು ಹೀಗೆ ಮಾತಾಡಬಲ್ಲಳು ಎಂಬುದು ಅವರಿಗೆ ಆಗಷ್ಟೇ ತಿಳಿದಂತಿತ್ತು. ನೆಲಕ್ಕೆ ಊರಿದ ಕೈ ಎತ್ತಬೇಕೋ ಬೇಡವೋ ಎಂದು ಅವರು ಯೋಚಿಸುವ ಹೊತ್ತು ನನಗೆ ಎರಡು ಚಳಿಗಾಲದಷ್ಟು ಉದ್ದವಾಯಿತು. ಆಮೇಲೆ ಕುಳಿತರು. ಎಲೆಯನ್ನು ತಮ್ಮ ಕಡೆಗೆ ಸರಿಮಾಡಿಕೊಂಡು, ನನ್ನ ಕಡೆಗೆ ನೋಡದೆ, ಹೇಳಿದರು.

"ಹಾಡು ತಪ್ಪೈತ್ರಿ ಅಮ್ಮಾರ. ನಮ್ಮ ಮನ್ಯಾಗ ಮೂರರ ತನಕ ಹೋಗೂದಿಲ್ಲ. ಎರಡಕ್ಕ ಗಪ್ ಆಗ್ತಾರ."

ಅದು ತಮಾಷೆಯೋ, ದೂರೋ, ನನಗೆ ಗೊತ್ತಿಲ್ಲ. ಮುಖದಲ್ಲಿ ನಗು ಇರಲಿಲ್ಲ. ಇಂದಿಗೂ ಆ ಮನುಷ್ಯನ ವಿಷಯದಲ್ಲಿ ನನ್ನ ಒಂದು ಕಣ್ಣು ತೆರೆದೇ ಇದೆ. ಆದರೆ ಆ ಮಾತಿಗೆ ಮದುವೆಯ ಗಂಡು ಸಾರು ನೆತ್ತಿಗೆ ಹತ್ತಿಸಿಕೊಂಡ, ಅವನ ಬೆನ್ನು ತಟ್ಟಲು ಹೋದ ನನ್ನ ಮೊಮ್ಮಗಳು ತಡೆಯಲಾರದೆ ನಕ್ಕುಬಿಟ್ಟಳು. ಹಿತ್ತಿಲಲ್ಲಿ ನಗುತ್ತಾಳಲ್ಲ, ಅದೇ ನಗು. ನಾನು ಬೇರೆ ಯಾರನ್ನೂ ನೋಡಲಿಲ್ಲ, ಅವಳ ಕೈಯನ್ನು ಮಾತ್ರ ನೋಡಿದೆ. ಒಂದು ಕೈ ಗಂಡನಾಗುವವನ ಬೆನ್ನ ಮೇಲಿತ್ತು, ಇನ್ನೊಂದು ಎಲೆಯ ಮೇಲೆ. ಬಾಯಿಗೆ ಯಾವುದೂ ಅಡ್ಡ ಬರಲಿಲ್ಲ.

ಬೀಗರ ಆಚೆ ಕುಳಿತಿದ್ದ ಅವರ ಕಡೆಯ ಹಿರಿಯ ಹೆಂಗಸೊಬ್ಬರು, "ಹುಡುಗಿ ನಗಿ ಸ್ವಲ್ಪ ಸಣ್ಣದ ಮಾಡ್ಲಿ," ಎಂದರು.

"ನಗ್ಲಿ ಬಿಡ್ರಿ," ಎಂದು ಬೀಗಿತ್ತಿ ಅವರ ಕಡೆ ತಿರುಗದೆಯೇ ಹೇಳಿ, ನನ್ನನ್ನು ನೋಡಿದರು. "ಅಮ್ಮಾರ, ಆ ಕೆಮ್ಮಿನ ಪದ ಮತ್ತೊಮ್ಮಿ ಹಾಡ್ರಿ. ಆ ತುದಿಗಿ ಕುಂತವ್ರಿಗಿ ಕೇಳಿಲ್ಲ."

ಹಾಡಿದೆ. ಬೀಗರು ಹೇಳಿದಂತೆ ಎರಡನೆಯ ಕೆಮ್ಮಿಗೇ ಮನೆ ಗಪ್ಪಾಗುವ ಹಾಗೆ ತಿದ್ದಿ, ಆ ತುದಿಯವರಿಗೂ ಕೇಳುವಂತೆ ಹಾಡಿದೆ.